ಹಬ್ಬಕ್ಕೆ ಬಂದವರು ಯಾರ ಲೆಕ್ಕ?

ಪ್ರವಾಸಿಗಳ ಕಣ್ಣಿಗೆಂದು ಹಬ್ಬ ಮಾಡುವುದು ಈಚಿನ ಚಾಳಿ, ಹಿಂದೆ ಹಬ್ಬವೆಂದರೆ ದೇವರಿಗೂ ಊರಿಗೂ ಸೇರಿದ್ದು, ಹೊರಗಿನವರಿಗೆ ಅಲ್ಲೇನು ಕೆಲಸ ಎಂದು ಗೊಣಗುವವರಿದ್ದಾರೆ. ದಸರೆಯ ಹೊತ್ತಿಗೆ ಮೈಸೂರಿನ ಲಾಡ್ಜುಗಳ ಬಾಡಿಗೆ ಏರಿದಾಗ ಈ ಗೊಣಗಾಟವೂ ಏರುತ್ತದೆ. ಆದರೆ ನಮ್ಮ ಹಳೆಯ ಗುಡಿಗಳನ್ನೂ ದಾನಶಾಸನಗಳನ್ನೂ ನೋಡಿದರೆ, ಬರುವವರನ್ನು ಬಿಟ್ಟು ಹಬ್ಬದ ಬಗ್ಗೆ ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ಅವರ ತಲೆಯಲ್ಲಿದ್ದ ಪ್ರಶ್ನೆ ಬೇರೆ: ಬಂದವರ ಅನ್ನ, ದೀಪದ ಎಣ್ಣೆ, ವಾದ್ಯದವರ ಸಂಬಳ ಯಾರ ಲೆಕ್ಕಕ್ಕೆ?

ಅರಸೀಕೆರೆಯಿಂದ ಸುಮಾರು 8 ಕಿಲೋಮೀಟರು ದೂರದ ಹಾರನಹಳ್ಳಿಯಲ್ಲಿ ಎರಡು ಹೊಯ್ಸಳ ಗುಡಿಗಳಿವೆ. ಒಂದು ಲಕ್ಷ್ಮೀನರಸಿಂಹನದು, ಮೂರು ಗರ್ಭಗುಡಿಗಳ ತ್ರಿಕೂಟ, ಇನ್ನೊಂದು ಸೋಮೇಶ್ವರನದು. ವೀರ ಸೋಮೇಶ್ವರನ ಆಳ್ವಿಕೆಯ ಆರಂಭದಲ್ಲಿ, 1235ರ ಆಸುಪಾಸಿನಲ್ಲಿ, ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಮೂವರು ಅಣ್ಣತಮ್ಮಂದಿರು ಕಟ್ಟಿಸಿದವು. ಸೋಮನ ಹೆಸರಿನವನೊಬ್ಬ, ಕೇಶವನ ಹೆಸರಿನವನೊಬ್ಬ ಒಂದೇ ಮನೆಯಲ್ಲಿದ್ದರು. ಹರನಿಗೊಂದು, ಹರಿಗೊಂದು ಗುಡಿ ಎದ್ದದ್ದು ಸಹಜವೇ. ಲಕ್ಷ್ಮೀನರಸಿಂಹ ಗುಡಿಯನ್ನು ಹತ್ತಿರದಿಂದ ನೋಡಿ. ಗೋಡೆಗಿಂತ ಅಗಲವಾಗಿ ಹೊರಚಾಚಿದ ಜಗತಿಯ ಮೇಲೆ, ಅಂದರೆ ಕಲ್ಲಿನ ಕಟ್ಟೆಯ ಮೇಲೆ, ಅದು ನಿಂತಿದೆ. ದೇವರಿಗೆ ಜಗತಿ ಬೇಕಿಲ್ಲ, ಅವನು ಒಳಗಿದ್ದಾನೆ. ಅರ್ಚಕನಿಗೂ ಬೇಕಿಲ್ಲ, ಅವನ ಕೆಲಸ ಗರ್ಭಗುಡಿಯಲ್ಲಿ. ಅದು ಬೇಕಾದದ್ದು ಸುತ್ತು ಬರುವವರಿಗೆ. ಬಳಪದ ಕಲ್ಲಿನ ಗೋಡೆಯ ಬುಡದಲ್ಲಿ ಆನೆಯ ಸಾಲು, ಕುದುರೆಯ ಸಾಲು, ಬಳ್ಳಿಯ ಸಾಲು, ಮೇಲೆ ಪುರಾಣದ ಕಥೆಗಳು: ನಡೆಯುತ್ತ ನೋಡಬೇಕಾದ ಕೆತ್ತನೆ ಇದು. ಹಾಸುಗಲ್ಲನ್ನೇ ಇಷ್ಟು ಅಗಲ ಮಾಡಿದವರು ಜನ ಬರುತ್ತಾರೆಂದು ಎಣಿಸಿಯೇ ದುಡ್ಡು ಸುರಿದಿದ್ದಾರೆ.

ಕಲ್ಲು ಹೇಳದ್ದನ್ನು ಶಾಸನ ಹೇಳುತ್ತದೆ. ಆ ಕಾಲದ ದಾನಶಾಸನಗಳಲ್ಲಿ ಕೆಲವು ಮಾತುಗಳು ಪಲ್ಲವಿಯಂತೆ ಮರಳಿ ಬರುತ್ತವೆ: ಅಂಗಭೋಗ, ರಂಗಭೋಗ, ನಂದಾದೀವಿಗೆ, ಚೈತ್ರ ಪವಿತ್ರ, ಖಂಡಸ್ಫುಟಿತ ಜೀರ್ಣೋದ್ಧಾರ, ಆಹಾರದಾನ. ಅಂಗಭೋಗವೆಂದರೆ ದೇವರ ಪೂಜೆ ಅಲಂಕಾರ, ರಂಗಭೋಗವೆಂದರೆ ಹಾಡು ಕುಣಿತದ ಸೇವೆ, ಖಂಡಸ್ಫುಟಿತ ಜೀರ್ಣೋದ್ಧಾರವೆಂದರೆ ಒಡೆದು ಬಿರುಕುಬಿಟ್ಟದ್ದರ ದುರಸ್ತಿ. ಚೈತ್ರವೆಂದರೆ ವಸಂತದ ಉತ್ಸವ, ಪವಿತ್ರವೆಂದರೆ ಮಳೆಗಾಲದ ಪವಿತ್ರಾರೋಪಣ. ಅಂದರೆ ಋತುವಿಗೊಂದು ಉತ್ಸವ, ಅದಕ್ಕೆ ಇಂಥ ಗದ್ದೆ, ಇಂಥ ತೋಟ, ಇಂಥ ಸುಂಕ ಎಂದು ಎಲ್ಲೆ ಸಮೇತ ಬರೆದಿಟ್ಟರು. ಭಕ್ತಿಯನ್ನು ನಂಬಿ ಸುಮ್ಮನಿರಲಿಲ್ಲ. ಭಕ್ತಿ ಇದ್ದರೂ ಎಣ್ಣೆ ಮುಗಿಯುತ್ತದೆಂದು ಅವರಿಗೆ ಗೊತ್ತಿತ್ತು.

ಶರದೃತುವಿಗೆ ಬಂದರೆ ಲೆಕ್ಕ ಇನ್ನೂ ದೊಡ್ಡದು. ಮಳೆ ಹಿಂದೆ ಸರಿದು ದಾರಿ ಒಣಗಿ, ಹೊಳೆ ಇಳಿದು, ಜನಕ್ಕೂ ದಂಡಿಗೂ ಓಡಾಟ ಸಲೀಸಾಗುವ ಕಾಲ. ವಿಜಯನಗರದ ಮಹಾನವಮಿಯನ್ನು 1520ರ ಸುಮಾರಿನಲ್ಲಿ ಕಂಡ ಪೋರ್ಚುಗೀಸ್ ಡೊಮಿಂಗೋ ಪಾಯಸ್ ಕುಸ್ತಿ, ಕುಣಿತ, ಆನೆ ಕುದುರೆಗಳ ಸಾಲನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಅವನ ನಂತರ ಬಂದ ಇನ್ನೊಬ್ಬ ಪೋರ್ಚುಗೀಸ್ ನೂನಿಜ್, ನಾಯಕರು ಕಪ್ಪ ತಂದು ಒಪ್ಪಿಸುತ್ತಿದ್ದುದು ಇದೇ ಒಂಬತ್ತು ದಿನಗಳಲ್ಲಿ ಎನ್ನುತ್ತಾನೆ. ಹಬ್ಬಕ್ಕೆ ಕರೆದದ್ದೂ ಉಂಟು, ಬಾಕಿ ವಸೂಲು ಮಾಡಿದ್ದೂ ಉಂಟು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಈ ಪರಂಪರೆಯನ್ನು ಎತ್ತಿಕೊಂಡರು. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ದಸರೆಯ ಜೊತೆ ಕೃಷಿ ಮತ್ತು ಕೈಗಾರಿಕೆಯ ವಸ್ತುಪ್ರದರ್ಶನ ಸೇರಿಕೊಂಡಿತು. ಅದು ಹೊರಗಿನವರಿಗಲ್ಲದೆ ಮತ್ಯಾರಿಗೆ?

ಇದೆಲ್ಲ ಅರಸರ ಮೆರೆತ, ಜನರ ಹಬ್ಬಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಮಾತು ಹಗುರವಲ್ಲ. ಆದರೆ ಅರಸ ಹೋದ ಮೇಲೆ ಏನಾಗುತ್ತದೆಂದು ಜಪಾನಿನ ಕ್ಯೋಟೋ ತೋರಿಸಿಕೊಟ್ಟಿದೆ. 1869ರಲ್ಲಿ ಚಕ್ರವರ್ತಿ ಟೋಕಿಯೋಗೆ ಹೋದ ಮೇಲೆ ಆ ಊರು ಸೊರಗಿತು. ಅದು ರಾಜಧಾನಿಯಾಗಿ 1100 ವರ್ಷವಾಯಿತೆಂದು 1895ರಲ್ಲಿ ಹೆಯಾನ್ ದೇಗುಲ ಕಟ್ಟಿ, ಒಂದೊಂದು ಯುಗದ ಉಡುಪು ತೊಟ್ಟವರ ಮೆರವಣಿಗೆಯನ್ನು ಹೊಸದಾಗಿ ಹೂಡಿದರು. ಅದೇ ಜಿದಾಯ್ ಮತ್ಸುರಿ. ಇವತ್ತಿಗೂ ಅಕ್ಟೋಬರ್ 22 ಬಂದರೆ ಪರದೇಶದವರು ರಸ್ತೆಬದಿಯಲ್ಲಿ ಕಾದು ನಿಲ್ಲುತ್ತಾರೆ. ಪುರಾತನವೆಂದು ನಾವು ಅಂದುಕೊಳ್ಳುವ ಈ ಶರತ್ಕಾಲದ ಉತ್ಸವ ನಮ್ಮ ದಸರಾ ವಸ್ತುಪ್ರದರ್ಶನಕ್ಕಿಂತ ಹನ್ನೆರಡೇ ವರ್ಷ ಹಿರಿದು. ಕ್ಯೋಟೋದ ಆ ಮೆರವಣಿಗೆಯನ್ನು ಹೊತ್ತವರು ಊರಿನ ಬಡಾವಣೆಗಳ ಸಂಘದವರು. ಅಷ್ಟು ದೂರ ಯಾಕೆ, ಹಾಸನವನ್ನೇ ನೋಡಿ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ. ಬಲಿಪಾಡ್ಯಮಿ ಕಳೆಯುತ್ತಲೇ ಮತ್ತೆ ಬೀಗ. ಹುತ್ತದ ರೂಪದ ಆ ದೇವಿಯನ್ನು ನೋಡಲು ಬರುವ ಲಕ್ಷಾಂತರ ಜನರಲ್ಲಿ ಹೆಚ್ಚಿನವರು ಹಾಸನದವರೇ ಅಲ್ಲ. ಅಲ್ಲಿ ಅಂಬಾರಿಯಿಲ್ಲ, ದರ್ಬಾರಿಲ್ಲ, ತಪ್ಪದ ತಿಥಿಯೊಂದಿದೆ.

ವಿಶೇಷ ದರ್ಶನದ ಟಿಕೆಟ್ಟು, ಪಾಸಿನ ಜಗಳ, ಇದೂ ಹಬ್ಬವೇ ಎನ್ನುವುದು ಇನ್ನೊಂದು ಆಕ್ಷೇಪ. ನ್ಯಾಯವಾದದ್ದೇ. ಆದರೆ ಈ ರೋಗ ಹಬ್ಬಕ್ಕೆ ಬಂದವರದ್ದಲ್ಲ, ಲೆಕ್ಕದ್ದು. ಉತ್ಸವಕ್ಕೆಂದು ಬಿಟ್ಟ ಜಮೀನು ಮೈಸೂರು ಸೀಮೆಯಲ್ಲಿ 1955ರ ಧಾರ್ಮಿಕ ಮತ್ತು ಧರ್ಮಾರ್ಥ ಇನಾಂ ರದ್ದು ಕಾನೂನಿನಿಂದ ದೇವಸ್ಥಾನಗಳ ಕೈತಪ್ಪಿತು. ಬದಲಿಗೆ ಬಂದದ್ದು ತಸ್ತೀಕು ಎಂಬ ಸರ್ಕಾರಿ ಹಣ. ಉಳುವವನಿಗೆ ಭೂಮಿ ಸಿಕ್ಕದ್ದು ಸರಿಯೇ, ಅದಕ್ಕೆ ಮರುಗಬೇಕಿಲ್ಲ. ಆದರೆ ಫಸಲಿನ ಜೊತೆ ಏರುತ್ತಿದ್ದ ಆದಾಯದ ಜಾಗಕ್ಕೆ ಸರ್ಕಾರಿ ಆದೇಶಕ್ಕೆ ಕಾಯುವ ನಗದು ಬಂತು. ಆ ಮೇಲೆ ಸರ್ಕಾರವೇ ನಡೆಸುವ ಉತ್ಸವಗಳು ಶುರುವಾದವು. ಹಂಪಿ ಉತ್ಸವ ನವೆಂಬರಿನಲ್ಲಿ ನಡೆದ ವರ್ಷಗಳಿವೆ, ಜನವರಿಗೆ ಜಾರಿದ ವರ್ಷಗಳೂ ಇವೆ. ತಿಥಿಯಿಲ್ಲದ ಹಬ್ಬಕ್ಕೆ ಮುಂಚಿತವಾಗಿ ರೈಲು ಟಿಕೆಟ್ಟು ಯಾರು ತೆಗೆಸುತ್ತಾರೆ?

2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾರನಹಳ್ಳಿ ಅದರಲ್ಲಿಲ್ಲ. ಒಂದು ಕಾಲಕ್ಕೆ ತಾಲ್ಲೂಕಿನ ಹೆಸರೇ ಹಾರನಹಳ್ಳಿ ಎಂದಿತ್ತು. ಆ ಪಟ್ಟ ಅರಸೀಕೆರೆಗೆ ಹೋಯಿತು, ರೈಲ್ವೆ ಜಂಕ್ಷನ್ನೂ ಅಲ್ಲೇ ಆಯಿತು. ಕಲ್ಲಿನ ರಕ್ಷಣೆಯನ್ನು ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ, ಅಂದರೆ ಹಳೆಯ ಶಾಸನದ ಪಟ್ಟಿಯಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರವೊಂದಕ್ಕೆ ವಾರಸುದಾರರಿದ್ದಾರೆ. ರಂಗಭೋಗಕ್ಕೂ ಆಹಾರದಾನಕ್ಕೂ ಇಲ್ಲ. ಇಲ್ಲೊಂದು ಶರದುತ್ಸವ ಬೇಕೆನ್ನುವವರು ಮೊದಲು ವೇದಿಕೆಯ ಅಳತೆ ಹಾಕುವುದು ಬೇಡ. ಹಾಸನಾಂಬೆಯ ಬಾಗಿಲು ತೆರೆಯುವ ವಾರದಲ್ಲೇ ಒಂದು ತಿಥಿ ಗೊತ್ತು ಮಾಡಲಿ, ಕೊಬ್ಬರಿ ಮಾರುವ ತೆಂಗಿನ ಸೀಮೆಯಿದು, ದೀಪದ ಎಣ್ಣೆಗೂ ಬಂದವರ ಒಂದು ಹೊತ್ತಿನ ಊಟಕ್ಕೂ ಕಾಯಂ ನಿಧಿ ಇಡಲಿ. ಅಲ್ಲಿಯವರೆಗೆ, ಅರಸೀಕೆರೆಯಲ್ಲಿ ರೈಲಿಳಿದು ಹಾಸನಕ್ಕೆ ಹೊರಟವರು ಹಾರನಹಳ್ಳಿಗೂ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಜಗತಿ ಹತ್ತಿ, ಗುಡಿಯನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬನ್ನಿ. ಅದನ್ನು ಹಾಸಿಸಿದ್ದು ನಿಮಗೇ.