ಕಣ್ಣಿಗೆ ಕಟ್ಟಿದ ಲೋಕ

ನವಲಗುಂದದ ಜಮಖಾನೆಯ ಮಾತು ಬಂದಾಗಲೆಲ್ಲ ಅದರ ವರ್ಣಸಂಪತ್ತನ್ನೂ ಅದರ ನಡುವೆ ಗರಿಗೆದರಿ ನಿಂತ ನವಿಲುಗಳನ್ನೂ ಕೊಂಡಾಡುವುದು ವಾಡಿಕೆ, ಅದು ಯುಕ್ತವೇ. ಆದರೆ ಆ ಊರಿನ ಹೆಣ್ಣುಮಕ್ಕಳು ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು, ತಾಯಿಯಿಂದ ಮಗಳಿಗೆ ಇಳಿದು ಬಂದ ಎಣಿಕೆಯಂತೆ ಎಳೆಯ ಮೇಲೆ ಎಳೆಯನ್ನು ಕೂರಿಸುತ್ತ ನೇಯುವ ಹಾಸುಗಳಲ್ಲಿ ಪಗಡೆಯ ಪಟವನ್ನೇ ಚಿತ್ತಾರವಾಗಿ ಧರಿಸಿದ ಒಂದು ಬಗೆಯೂ ಉಂಟೆಂಬುದು ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆದಿದೆ. ಅಂಥ ಹಾಸನ್ನು ಪಡಸಾಲೆಯಲ್ಲಿ ಬಿಚ್ಚಿದೊಡನೆಯೆ ನಾಲ್ಕು ತೋಳುಗಳ ಒಂದು ರಾಜ್ಯವು ನೆಲದ ಮೇಲೆ ಮೈದೋರುತ್ತದೆ. ಕಾಯಿಗಳು ಹೊರಡುತ್ತವೆ, ಹೊಡೆಸಿಕೊಳ್ಳುತ್ತವೆ, ಮರಳಿ ಹುಟ್ಟುತ್ತವೆ, ಹಣ್ಣಾಗುತ್ತವೆ. ಆಡುವವರಿಗೆ ಸುತ್ತಣ ಲೋಕದ ಪರಿವೆಯೇ ಇರುವುದಿಲ್ಲ. ಆ ರಾಜ್ಯವನ್ನು ಪ್ರವೇಶಿಸಲು ಯಾರ ಅಪ್ಪಣೆಯೂ ಬೇಡ. ನಿಯಮಗಳು ಎಲ್ಲರವು, ಹಾಸು ಮನೆಯವರದು.

ಆಟದ ಲೋಕವು ಆಡುವವನ ಅಧೀನದಲ್ಲಿಯೇ ಇರುವ ಈ ಪದ್ಧತಿಯು ನಮ್ಮ ಸೀಮೆಯಲ್ಲಿ ಎಷ್ಟು ಸಹಜವಾಗಿತ್ತೆಂದರೆ ಅದನ್ನು ಯಾರೂ ಹಕ್ಕೆಂದು ಬಗೆಯಲಿಲ್ಲ. ಇಂದು ತಲೆಗೆ ಬಿಗಿದುಕೊಂಡ ಕ್ಷಣದಲ್ಲಿಯೇ ನಮ್ಮನ್ನು ಮತ್ತೊಂದು ಜಗತ್ತಿನ ನಡುವೆ ನಿಲ್ಲಿಸುವ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಬಂದಿರುವಾಗ, ಆ ಜಗತ್ತಿನ ಬಾಗಿಲ ಕೀಲಿ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಮೊದಲ ಬಾರಿಗೆ ಎದ್ದಿದೆ. ಲಿನಕ್ಸ್ ಎಂಬ ಸರ್ವಜನರ ಗಣಕವ್ಯವಸ್ಥೆಯನ್ನು ನೆಚ್ಚಿದವರು ಆ ಕೀಲಿಗಾಗಿ ನಡೆಸಿದ ದೀರ್ಘಪ್ರಯತ್ನದ ಇತಿಹಾಸವು ನಮ್ಮ ಹಳ್ಳಿಗಳಿಗೆ ದೂರದ ಸಂಗತಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲದ ಲೋಕವನ್ನು ಕಣ್ಣೆದುರು ತಂದು ನಿಲ್ಲಿಸುವ ವಿದ್ಯೆಯಂತೂ ಈ ನಾಡಿಗೆ ಹೊಸದಲ್ಲ. ಕಿಳ್ಳೇಕ್ಯಾತರು ಊರ ಬಯಲಿನಲ್ಲಿ ಪರದೆಯನ್ನು ಬಿಗಿದು, ಅದರ ಹಿಂದೆ ದೀಪವನ್ನು ಹೊತ್ತಿಸಿ, ಹದಮಾಡಿ ಬಣ್ಣವೂಡಿದ ತೊಗಲಿನ ಗೊಂಬೆಗಳನ್ನು ಆಡಿಸಿ, ರಾಮಾಯಣ ಭಾರತಗಳ ಕಥೆಗಳನ್ನು ಬೆಳಗಿನವರೆಗೂ ಕಾಣಿಸುತ್ತಿದ್ದರು. ಕುಂದಗೋಳದಲ್ಲಿ 1886ರಲ್ಲಿ ಜನಿಸಿ, ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಲ್ಲಿ ಶಿಷ್ಯವೃತ್ತಿ ಮಾಡಿದ ರಾಮಭಾವು ಅವರು ಮರಾಠಿ ರಂಗಭೂಮಿಯ ಮೇಲೆ ಸ್ತ್ರೀಪಾತ್ರಗಳಲ್ಲಿ ಹಾಡಿ ಸವಾಯಿ ಗಂಧರ್ವರೆಂದು ಹೆಸರಾದ ದಿನಗಳಲ್ಲಿ, ನಾಟಕ ಕಂಪನಿಗಳ ಚಿತ್ರಕಾರರು ಪರದೆಯ ಮೇಲೆ ಅರಮನೆಯ ಕಂಬಸಾಲುಗಳನ್ನೂ ನಗರದ ಬೀದಿಗಳನ್ನೂ ದೂರ ಸರಿದಂತೆ ಕಿರಿದಾಗುವ ಹಾಗೆ ಬರೆದು, ಚಪ್ಪಟೆಯಾದ ಬಟ್ಟೆಗೆ ಆಳವನ್ನು ತಂದುಕೊಡುತ್ತಿದ್ದರು. ನೋಟಕನು ಕುಳಿತ ಸ್ಥಳದಿಂದ ಆ ಬೀದಿಯೊಳಗೆ ನಡೆದು ಹೋಗಲಾರನಾದರೂ, ನಡೆದು ಹೋಗಬಹುದೆಂಬ ಭ್ರಾಂತಿ ಅವನಿಗೆ ಕ್ಷಣಕಾಲವಾದರೂ ಉಂಟಾಗುತ್ತಿತ್ತು. ಇನ್ನು ಜಾತ್ರೆಗಳಿಗೆ ಬರುತ್ತಿದ್ದ ಬಯಾಸ್ಕೋಪಿನ ಪೆಟ್ಟಿಗೆಯನ್ನು ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ದುಂಡುಗಾಜಿನ ಕಿಂಡಿಗೆ ಮುಖವನ್ನೊತ್ತಿ, ಅಂಗೈಗಳಿಂದ ಹೊರಗಿನ ಬೆಳಕನ್ನು ಮರೆಮಾಡಿಕೊಂಡು ಇಣುಕಿದ ಹುಡುಗನ ಪಾಲಿಗೆ ಜಾತ್ರೆಯೇ ಮಾಯವಾಗಿ ದಿಲ್ಲಿಯೂ ಮುಂಬಯಿಯೂ ಉಳಿಯುತ್ತಿದ್ದುವು. ಆ ಪೆಟ್ಟಿಗೆಯವನು ಬಡವನಾಗಿದ್ದರೂ ತನ್ನ ಪೆಟ್ಟಿಗೆಗೆ ತಾನೇ ಒಡೆಯನಾಗಿದ್ದನು. ಮೊಳೆ ಸಡಿಲವಾದರೆ ತಾನೇ ಬಡಿಯುವನು, ಚಿತ್ರಗಳ ಸುರುಳಿ ಹಳತಾದರೆ ತಾನೇ ಬದಲಿಸುವನು.

ಚಪ್ಪಟೆಯಾದ ಚಿತ್ರವನ್ನು ನಿಜವಾಗಿಯೂ ಆಳವುಳ್ಳದ್ದಾಗಿ ಕಾಣಿಸುವ ಶಾಸ್ತ್ರವನ್ನು ವಿಶದಪಡಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಸ್ವಲ್ಪ ಬೇರೆಬೇರೆಯಾದ ಕೋನಗಳಿಂದ ಕಾಣುತ್ತವೆಂಬುದನ್ನೂ, ಆ ಎರಡು ನೋಟಗಳ ಅಂತರದಿಂದಲೇ ಮನಸ್ಸು ದೂರವನ್ನು ಊಹಿಸುತ್ತದೆಂಬುದನ್ನೂ ಅವನು 1838ರಲ್ಲಿ ಕನ್ನಡಿಗಳ ಒಂದು ಉಪಕರಣದ ಮೂಲಕ ತೋರಿಸಿಕೊಟ್ಟನು. ಛಾಯಾಚಿತ್ರಕಲೆಯು ಅದರ ಮರುವರ್ಷವೇ ಲೋಕಕ್ಕೆ ಪ್ರಕಟವಾದುದರಿಂದ ಜೋಡಿಚಿತ್ರಗಳ ಸ್ಟೀರಿಯೋಸ್ಕೋಪು ಯುರೋಪಿನ ಮನೆಮನೆಯ ಆಟಿಕೆಯಾಯಿತು. ನಮ್ಮ ಪ್ರಾಂತದ ದೇವಾಲಯಗಳೂ ಛಾಯಾಚಿತ್ರಗಳಾಗಿ ಕಡಲನ್ನು ದಾಟಿದುದು ಅದೇ ಕಾಲದಲ್ಲಿ: ಪಿಗೂ, ನೀಲ್, ಬಿಗ್ಸ್ ಎಂಬವರು ತೆಗೆದ ಚಿತ್ರಗಳಿಗೆ ಮೆಡೋಸ್ ಟೇಲರನ ಚಾರಿತ್ರಿಕ ವಿವರಣೆಯನ್ನೂ ಜೇಮ್ಸ್ ಫರ್ಗುಸನ್ನನ ವಾಸ್ತುಟಿಪ್ಪಣಿಗಳನ್ನೂ ಸೇರಿಸಿ, ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವನ್ನು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಚಾಲುಕ್ಯಶಿಲ್ಪಿಗಳ ಕೈಚಳಕವನ್ನು ಸಾವಿರಾರು ಮೈಲಿಗಳಾಚೆಯ ಓದುಗನು ಕುಳಿತಲ್ಲಿಯೇ ನೋಡುವಂತಾದುದು ಅಲ್ಪವಾದ ಸಾಧನೆಯಲ್ಲ. ಆದರೆ ಆ ಬೆಲೆಬಾಳುವ ಗ್ರಂಥವನ್ನು ಗುಡಿಯ ನೆರಳಿನಲ್ಲಿಯೇ ಬದುಕುವ ರೈತನು ಕಾಣುವ ಸಂಭವ ಎಷ್ಟು ಮಾತ್ರವಿದ್ದೀತು!

ತಲೆಯನ್ನು ತಿರುಗಿಸಿದಂತೆ ನೋಟವೂ ತಿರುಗುವ ಯಂತ್ರವು ಬರಲು ಮತ್ತೊಂದು ಶತಮಾನ ಬೇಕಾಯಿತು. ಅಮೆರಿಕದ ಐವಾನ್ ಸದರ್‌ಲ್ಯಾಂಡ್ 1968ರಲ್ಲಿ ರಚಿಸಿದ ಸಾಧನದಲ್ಲಿ ಗಣಕವು ಗೆರೆಗಳಿಂದ ಬರೆದ ಆಕೃತಿಯೊಂದು ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು. ತಲೆಯ ಚಲನೆಯನ್ನು ಅಳೆಯುವ ತೋಳೊಂದು ಚಾವಣಿಯಿಂದ ಇಳಿಬಿದ್ದಿತ್ತು. ಮುಂದಿನ ದಶಕಗಳ ಏಳುಬೀಳುಗಳನ್ನು ಇಲ್ಲಿ ವಿವರಿಸಬೇಕಾಗಿಲ್ಲ. 2012ರ ಆಗಸ್ಟಿನಲ್ಲಿ ಓಕ್ಯುಲಸ್ ಎಂಬ ಸಣ್ಣ ಸಂಸ್ಥೆಯು ತನ್ನ ಹೆಡ್‌ಸೆಟ್ಟಿಗಾಗಿ ಸಾರ್ವಜನಿಕರಿಂದ 24 ಲಕ್ಷ ಡಾಲರಿಗೂ ಮಿಕ್ಕಿದ ಧನವನ್ನು ಕೂಡಿಸಿದಾಗ ಈ ವಿದ್ಯೆಯು ಪ್ರಯೋಗಶಾಲೆಯನ್ನು ಬಿಟ್ಟು ಆಟಗಾರನ ಮೇಜಿಗೆ ಬರುವ ಕಾಲ ಸನ್ನಿಹಿತವಾಯಿತು.

ಈ ಸಂಸ್ಥೆಯು ಮೊದಮೊದಲು ಲಿನಕ್ಸಿಗೂ ತನ್ನ ತಂತ್ರಾಂಶವನ್ನು ಒದಗಿಸುತ್ತಿತ್ತು. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡುಕೊಂಡಿತು. 2015ರ ಮೇ ತಿಂಗಳಿನಲ್ಲಿ, ವಿಂಡೋಸಿನ ಕೆಲಸವನ್ನು ಮುಗಿಸುವ ಸಲುವಾಗಿ ಲಿನಕ್ಸಿನ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿರುವುದಾಗಿ ಪ್ರಕಟಣೆ ಹೊರಟಿತು. ನಿಂತ ಕೆಲಸ ಮತ್ತೆ ಆರಂಭವಾಗಲಿಲ್ಲ. ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ತನ್ನ ಕೋಣೆಯಲ್ಲಿ ಪ್ರಾರಂಭಿಸಿ ಎಲ್ಲರ ಮುಂದೆ ಬಿಚ್ಚಿಟ್ಟ, ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸಾರಿದ ಮುಕ್ತ ತಂತ್ರಾಂಶದ ತತ್ತ್ವದೊಡನೆ ಕೂಡಿಕೊಂಡು ಬೆಳೆದ, ಜಗತ್ತಿನ ಸಹಸ್ರಾರು ಜನರು ತಿದ್ದಿ ತೀಡಿ ಪರಸ್ಪರ ಹಂಚಿಕೊಂಡ ಒಂದು ವ್ಯವಸ್ಥೆಯನ್ನು ಬಳಸುವವರು, ಹೀಗೆ ಈ ನೂತನ ಲೋಕದ ಹೊಸ್ತಿಲಿನ ಹೊರಗೆ ನಿಲ್ಲಬೇಕಾಯಿತು. ಅವರ ಸಂಖ್ಯೆ ಅಲ್ಪವೆಂಬ ವ್ಯಾಪಾರಿಯ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಅಲ್ಪಸಂಖ್ಯೆಯವರನ್ನು ಹೊರಗಿಡುವುದನ್ನು ನ್ಯಾಯವೆಂದು ನಾನು ಒಪ್ಪಲಾರೆ. ಕನ್ನಡದ ಅಕ್ಷರಗಳು ಗಣಕದ ಪರದೆಯ ಮೇಲೆ ನೆಟ್ಟಗೆ ಮೂಡಲು ಎಷ್ಟು ಕಾಲ ಕಾಯಬೇಕಾಯಿತೆಂಬುದನ್ನು ಬಲ್ಲ ಯಾರೂ ಒಪ್ಪಲಾರರು.

ಬಾಗಿಲು ತೆರೆದುದು ಬೇರೆ ದಿಕ್ಕಿನಿಂದ. ವಾಲ್ವ್ ಎಂಬ ಆಟಗಳ ಸಂಸ್ಥೆಯು ಎಚ್‌ಟಿಸಿಯೊಡನೆ ಕೂಡಿ ನಿರ್ಮಿಸಿದ ವೈವ್ ಹೆಡ್‌ಸೆಟ್ 2016ರಲ್ಲಿ ಮಾರುಕಟ್ಟೆಗೆ ಬಂದಿತು; 2017ರ ಫೆಬ್ರವರಿಯಲ್ಲಿ ಅದರ ಸ್ಟೀಮ್‌ವಿಆರ್ ತಂತ್ರಾಂಶವು ಪ್ರಾಯೋಗಿಕ ರೂಪದಲ್ಲಿ ಲಿನಕ್ಸಿಗೆ ದೊರೆಯಿತು. ದೊರೆತ ಮಾತ್ರಕ್ಕೆ ಆಟ ಸಾಗಲಿಲ್ಲ. ವೈವ್ ಪ್ರತಿ ಸೆಕೆಂಡಿಗೆ 90 ಚಿತ್ರಗಳನ್ನು ಕಣ್ಣಿಗೆ ಒಡ್ಡಬೇಕು. ಎಂದರೆ ಒಂದೊಂದು ಚಿತ್ರಕ್ಕೆ ದೊರೆಯುವ ಅವಕಾಶ ಸುಮಾರು 11 ಮಿಲಿಸೆಕೆಂಡು ಮಾತ್ರ. ತಲೆ ಹೊರಳಿದ ಮೇಲೆ ನೋಟ ತಡವಾಗಿ ಹೊರಳಿದರೆ ಕಣ್ಣು ಒಂದನ್ನು ಹೇಳುತ್ತದೆ, ಕಿವಿಯೊಳಗಿನ ಸಮತೋಲದ ಇಂದ್ರಿಯ ಇನ್ನೊಂದನ್ನು ಹೇಳುತ್ತದೆ. ಆಡುವವನಿಗೆ ತಲೆ ತಿರುಗಿ ಓಕರಿಕೆ ಬರುತ್ತದೆ. ಅಂದಿನ ಲಿನಕ್ಸ್ ಗಣಕವಾದರೋ ಹೆಡ್‌ಸೆಟ್ಟನ್ನು ಮೇಜಿನ ಮೇಲಿನ ಮತ್ತೊಂದು ಸಾಧಾರಣ ಪರದೆಯೆಂದೇ ಭಾವಿಸಿ, ಕಿಟಕಿಗಳನ್ನು ಜೋಡಿಸುವ ತನ್ನ ನಿತ್ಯದ ಕಾರ್ಯಕ್ರಮದ ಮೂಲಕವೇ ಪ್ರತಿಯೊಂದು ಚಿತ್ರವನ್ನೂ ಹಾಯಿಸುತ್ತಿತ್ತು. ಆ ಸುತ್ತುದಾರಿಯಲ್ಲಿ ಕಾಲವು ವ್ಯರ್ಥವಾಗುತ್ತಿತ್ತು.

ಇದಕ್ಕೆ ಪರಿಹಾರವನ್ನು ಕಂಡವನು ಲಿನಕ್ಸಿನ ಚಿತ್ರವ್ಯವಸ್ಥೆಯಲ್ಲಿ ದೀರ್ಘಕಾಲ ದುಡಿದಿದ್ದ ಕೀತ್ ಪ್ಯಾಕಾರ್ಡ್. ನಮ್ಮ ಕಡೆಯ ಜಮೀನುದಾರನು ಹೊಲವನ್ನು ಲಾವಣಿಗೆ ಕೊಟ್ಟಂತೆ, ಗಣಕವ್ಯವಸ್ಥೆಯು ಹೆಡ್‌ಸೆಟ್ಟಿನ ಪರದೆಯನ್ನು ಆಟದ ತಂತ್ರಾಂಶಕ್ಕೆ ವಹಿಸಿಕೊಟ್ಟು ತಾನು ಬದಿಗೆ ಸರಿಯುವ ಏರ್ಪಾಡನ್ನು ಅವನು ರಚಿಸಿದನು. ಒಡೆತನ ವ್ಯವಸ್ಥೆಯದು, ಅವಧಿ ಮುಗಿಯುವವರೆಗೆ ಉಳುಮೆ ಆಟದ್ದು. ಈ ಕಾರ್ಯಕ್ಕೆ ವಾಲ್ವ್ ಸಂಸ್ಥೆಯೇ ಅವನಿಗೆ ವೇತನವನ್ನು ಕೊಟ್ಟಿದ್ದರೂ, ಫಲವು 2018ರ ಆದಿಯಲ್ಲಿ ಹೊರಬಂದ ಲಿನಕ್ಸಿನ 4.15ನೆಯ ಆವೃತ್ತಿಯಲ್ಲಿ ಸೇರಿ ಎಲ್ಲರ ಸ್ವತ್ತಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ವಿಂಡೋಸಿನ ಆಟಗಳನ್ನು ಲಿನಕ್ಸಿನಲ್ಲಿ ನಡೆಸುವ ಪ್ರೋಟಾನ್ ಬಂದಿತು. 2019ರ ಜುಲೈಯಲ್ಲಿ, ಯಾವ ತಯಾರಕನ ಹೆಡ್‌ಸೆಟ್ಟಿಗೂ ಯಾವ ಆಟವೂ ಒಂದೇ ಭಾಷೆಯಲ್ಲಿ ಮಾತನಾಡಬಹುದಾದ ಓಪನ್‌ಎಕ್ಸ್‌ಆರ್ ಎಂಬ ಮಾನದಂಡದ ಮೊದಲ ಪೂರ್ಣ ಆವೃತ್ತಿ ಪ್ರಕಟವಾಯಿತು. ಅದೇ ವರ್ಷ ಕೊಲಾಬೊರಾ ಸಂಸ್ಥೆಯವರು ಆ ಮಾನದಂಡವನ್ನು ಲಿನಕ್ಸಿನಲ್ಲಿ ಸಾಕಾರಗೊಳಿಸುವ ಮೊನಾಡೊ ತಂತ್ರಾಂಶವನ್ನು ಮೂಲಲಿಪಿಯ ಸಹಿತ ಲೋಕಾರ್ಪಣೆ ಮಾಡಿದರು. 2020ರಲ್ಲಿ ಹಾಫ್-ಲೈಫ್: ಅಲಿಕ್ಸ್ ಎಂಬ ಪ್ರಸಿದ್ಧವಾದ ಆಟವು ಮಾರ್ಚಿನಲ್ಲಿ ಹೊರಬಂದು ಮೇ ತಿಂಗಳಿನಲ್ಲಿಯೇ ಲಿನಕ್ಸಿಗೂ ಸಿದ್ಧವಾದಾಗ, ಐದು ವರ್ಷಗಳ ಹಿಂದೆ ಹೊರಗೆ ನಿಂತವರು ಒಳಗೆ ಬಂದಿದ್ದರು.

ಇಷ್ಟೆಲ್ಲ ಶ್ರಮವೇಕೆ, ವಿಂಡೋಸ್ ಇರುವಾಗ ಅದರಲ್ಲಿಯೇ ಆಡಬಾರದೇ, ಎಂದು ಕೇಳುವವರಿರಬಹುದು. ಅದಕ್ಕೆ ಉತ್ತರವು ಎರಡು ಘಟನೆಗಳಲ್ಲಿದೆ. 2020ರಲ್ಲಿ ಬಂದ ಓಕ್ಯುಲಸ್ಸಿನ ಕ್ವೆಸ್ಟ್ 2 ಹೆಡ್‌ಸೆಟ್ಟನ್ನು ಹಣ ತೆತ್ತು ಕೊಂಡವನು ಕೂಡ ಫೇಸ್‌ಬುಕ್ಕಿನ ಖಾತೆಯಿಲ್ಲದೆ ಅದನ್ನು ಬಳಸುವಂತಿರಲಿಲ್ಲ. ಆ ನಿಬಂಧನೆ ತೆರವಾದುದು 2022ರಲ್ಲಿ. ಎರಡನೆಯದು ಇನ್ನೂ ಗಂಭೀರವಾದುದು. 2017ರಿಂದ ಎಚ್‌ಪಿ, ಸ್ಯಾಮ್‌ಸಂಗ್, ಲೆನೊವೊ, ಡೆಲ್, ಏಸರ್ ಮೊದಲಾದವರು ಮೈಕ್ರೋಸಾಫ್ಟಿನ ಮಿಕ್ಸ್‌ಡ್ ರಿಯಾಲಿಟಿ ಎಂಬ ವ್ಯವಸ್ಥೆಯನ್ನು ನಂಬಿ ಹೆಡ್‌ಸೆಟ್ಟುಗಳನ್ನು ತಯಾರಿಸಿ ಮಾರಿದ್ದರು. ಆ ವ್ಯವಸ್ಥೆಯನ್ನು ಕೈಬಿಡುವುದಾಗಿ 2023ರ ಡಿಸೆಂಬರಿನಲ್ಲಿ ಪ್ರಕಟವಾಯಿತು. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯಿಂದ ಅದನ್ನು ತೆಗೆದುಹಾಕಲಾಯಿತು. ಗಾಜು ಒಡೆದಿರಲಿಲ್ಲ, ತಂತಿ ಹರಿದಿರಲಿಲ್ಲ. ಹೊಸ ಆವೃತ್ತಿಗೆ ಏರಿದ ಗಣಕಗಳಲ್ಲಿ ಆ ಸಾಧನಗಳು ಒಂದು ನಿರ್ಧಾರದ ಬಲದಿಂದ ನಿಷ್ಪ್ರಯೋಜಕವಾದುವು. ಕೊಂಡ ವಸ್ತುವನ್ನು ತಲೆಮಾರುಗಳವರೆಗೆ ಬಾಳಿಸುವ, ಬಿಚ್ಚಿ ರಿಪೇರಿ ಮಾಡುವ, ಹಳತನ್ನು ಹೊಸದಕ್ಕೆ ಜೋಡಿಸುವ ನಮ್ಮ ಒಕ್ಕಲುತನದ ಸಂಸ್ಕಾರಕ್ಕೆ ಇದಕ್ಕಿಂತ ಪರಕೀಯವಾದುದು ಮತ್ತೊಂದಿರಲಾರದು.

ಲಿನಕ್ಸಾದರೋ ನಮ್ಮ ಹಳ್ಳಿಗಳಿಗೆ ಅಪರಿಚಿತವಲ್ಲ. 2010ರ ಬಳಿಕ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ರಾಜ್ಯದ ಶಿಕ್ಷಣ ಇಲಾಖೆಯೂ ಕೂಡಿ ಸರ್ಕಾರಿ ಪ್ರೌಢಶಾಲೆಗಳ ಅಧ್ಯಾಪಕರಿಗಾಗಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು ಉಬುಂಟು ಲಿನಕ್ಸಿನ ಮೇಲೆಯೇ ನಡೆದುವು. ರೇಖಾಗಣಿತವನ್ನು ಕಣ್ಣಿಗೆ ಕಾಣಿಸುವ ಜಿಯೋಜಿಬ್ರಾದಂಥ ಉಪಕರಣಗಳನ್ನು ಕಲಿತ ಗುರುಗಳು ಅವನ್ನು ತಮ್ಮ ತರಗತಿಗಳಿಗೆ ಒಯ್ದರು. ಪರವಾನಿಗೆಯ ಶುಲ್ಕವಿಲ್ಲದ, ಹಳೆಯ ಯಂತ್ರದಲ್ಲಿಯೂ ನಡೆಯುವ, ನಕಲು ಮಾಡಿ ಹಂಚಿದರೆ ತಪ್ಪೆನಿಸದ ವ್ಯವಸ್ಥೆಯು ಸರ್ಕಾರಿ ಶಾಲೆಗೆ ಒಪ್ಪುವಷ್ಟು ಬೇರೊಂದು ಒಪ್ಪದು. ಇತ್ತ ಹುಬ್ಬಳ್ಳಿಯಲ್ಲಿ, 1947ರಲ್ಲಿ ಸ್ಥಾಪಿತವಾದ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜಿನ ಸಂಶೋಧಕರು ಕೇಂದ್ರ ಸರ್ಕಾರದ ಡಿಜಿಟಲ್ ಹಂಪಿ ಯೋಜನೆಯಲ್ಲಿ ಪಾಲುಗೊಂಡು, ಅನೇಕರು ತೆಗೆದ ಸಾಧಾರಣ ಛಾಯಾಚಿತ್ರಗಳನ್ನು ಆಯ್ದು ಜೋಡಿಸಿ ಸ್ಮಾರಕಗಳ ಮೂರು ಆಯಾಮಗಳ ಪ್ರತಿರೂಪಗಳನ್ನು ಕಟ್ಟುವ ಕ್ರಮವನ್ನು ಅಭ್ಯಸಿಸಿದರು. 1866ರ ಗ್ರಂಥದ ಚಿತ್ರವನ್ನು ದೂರದಿಂದ ನೋಡಬಹುದಾಗಿತ್ತು. ಇಂಥ ಪ್ರತಿರೂಪದ ಒಳಗೆ ಹೆಡ್‌ಸೆಟ್ ಧರಿಸಿ ಅಡ್ಡಾಡಬಹುದು. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದ 76 ಕಂಬಗಳ ನಡುವೆ ಕಲಘಟಗಿಯ ಶಾಲೆಯ ಹುಡುಗಿಯೊಬ್ಬಳು ತನ್ನ ಬೆಂಚಿನಿಂದೇಳದೆಯೇ ಸುತ್ತಾಡಿ, ಪಂಪನ ಊರೆಂದು ಹೇಳಲಾಗುವ ಆ ಊರಿನ ಕಥೆಯನ್ನು ತಾನೇ ಒಂದು ಆಟವನ್ನಾಗಿ ಹೆಣೆಯುವ ದಿನವನ್ನು ನಾನು ಮನಃಪೂರ್ವಕವಾಗಿ ಹಾರೈಸುತ್ತೇನೆ. ಅದಕ್ಕೆ ಬೇಕಾದ ಬ್ಲೆಂಡರ್, ಗೋಡೋ ಮುಂತಾದ ನಿರ್ಮಾಣದ ಉಪಕರಣಗಳೆಲ್ಲ ಲಿನಕ್ಸಿನಲ್ಲಿ ಉಚಿತವಾಗಿಯೂ ಮುಕ್ತವಾಗಿಯೂ ಇವೆ.

ಹೆಡ್‌ಸೆಟ್ಟಿನ ಬೆಲೆಯೇ ಇಲ್ಲಿ ದೊಡ್ಡ ತಡೆ. 2019ರಲ್ಲಿ ಬಂದ ವಾಲ್ವ್ ಇಂಡೆಕ್ಸಿನ ಪೂರ್ಣ ಸಲಕರಣೆಗೆ ಅಮೆರಿಕದಲ್ಲಿಯೇ 999 ಡಾಲರಿದ್ದಿತು; ಅದರ ಮೇಲೆ ಬಲಿಷ್ಠವಾದ ಗಣಕವೂ ಬೇಕಿತ್ತು, ನಿಲ್ಲದ ವಿದ್ಯುತ್ತೂ ಬೇಕಿತ್ತು. 2023ರಲ್ಲಿ 1,299 ರೂಪಾಯಿಗೆ ಬಂದ ಜಿಯೋಡೈವ್‌ನಂಥ, ಮೊಬೈಲನ್ನೇ ಒಳಗಿಟ್ಟು ನೋಡುವ ಸಾಧನಗಳು ಅಗ್ಗವಾಗಿದ್ದರೂ ಅವುಗಳ ಸಾಮರ್ಥ್ಯ ಪರಿಮಿತವಾದುದು. ಆದುದರಿಂದ ವಿಂಡೋಸ್ ತೊರೆದ ಆ ಹಳೆಯ ಮಿಕ್ಸ್‌ಡ್ ರಿಯಾಲಿಟಿ ಹೆಡ್‌ಸೆಟ್ಟುಗಳ ಕಡೆಗೆ ನಮ್ಮ ಶಾಲೆ ಕಾಲೇಜುಗಳು ಗಮನವನ್ನು ಹರಿಸಬೇಕು. ಮೊನಾಡೊವನ್ನು ಬೆಳೆಸುತ್ತಿರುವವರು ಅವುಗಳಿಗೆ ಬೇಕಾದ ಚಾಲಕ ತಂತ್ರಾಂಶವನ್ನು ಬರೆದಿದ್ದಾರೆ; ಮುಂಭಾಗದ ಕ್ಯಾಮರಾಗಳ ನೋಟದಿಂದ ತಲೆಯ ಸ್ಥಾನವನ್ನು ಗುರುತಿಸುವ ಬಸಾಲ್ಟ್ ಎಂಬ ಮುಕ್ತ ತಂತ್ರವನ್ನು ಅದಕ್ಕೆ ಜೋಡಿಸಿದ್ದಾರೆ. ಸತ್ತವೆಂದು ಬದಿಗಿಟ್ಟ ಆ ಸಾಧನಗಳು ಲಿನಕ್ಸ್ ಗಣಕಕ್ಕೆ ಜೋಡಿಸಿದಾಗ ಮತ್ತೆ ಲೋಕವನ್ನು ತೋರಿಸುತ್ತವೆ. ವಿಂಡೋಸಿನಲ್ಲಿದ್ದಷ್ಟು ನಯವು ಅಲ್ಲಿ ಇನ್ನೂ ಬಂದಿಲ್ಲ. ಆದರೆ ಅದರ ಮೂಲಲಿಪಿ ಯಾರು ಬೇಕಾದರೂ ಓದಿ ತಿದ್ದುವಂತೆ ತೆರೆದೇ ಇದೆ, ಮತ್ತು ತಿದ್ದುವ ಕೆಲಸ ನಡೆಯುತ್ತಲೇ ಇದೆ.