‘ಕಾಲ್ಪನಿಕ’ ಎಂಬ ಪದ ಮತ್ತು ಹರಿಹರದ ಐತಿಹ್ಯ

ಸ್ಥಳಪುರಾಣವೊಂದು ಎದುರಾದೊಡನೆ ಅದನ್ನು ‘ಕಾಲ್ಪನಿಕ’ವೆಂದು ಕರೆದು ಮುಂದಕ್ಕೆ ಸಾಗುವುದು ನಮ್ಮ ಇತಿಹಾಸ ವಿದ್ಯಾರ್ಥಿಗಳಲ್ಲಿ ರೂಢಿಯಾಗಿದೆ. ಅಧ್ಯಾಪಕರಾದ ನಾವೂ ಈ ರೂಢಿಗೆ ಹೊರತಲ್ಲ. ಆದರೆ ಈ ಪದವು ಅಷ್ಟು ಸುಲಭವಾಗಿ ತೀರ್ಪು ಕೊಡತಕ್ಕದ್ದೇ ಎಂಬುದನ್ನು ವಿಚಾರಿಸಬೇಕಾಗಿದೆ.

ಸಂಸ್ಕೃತದ ‘ಕ್ಲೃಪ್’ ಧಾತುವಿಗೆ ಅಣಿಗೊಳ್ಳು, ಸಮರ್ಥವಾಗು, ಹೊಂದಿಕೆಯಾಗು ಎಂಬ ಅರ್ಥಗಳಿವೆ. ಯಜ್ಞವಿಧಿಗಳನ್ನು ಕ್ರಮಪಡಿಸುವ ವೇದಾಂಗಕ್ಕೆ ‘ಕಲ್ಪ’ವೆಂದೇ ಹೆಸರು. ‘ಸಂಕಲ್ಪ’, ‘ವಿಕಲ್ಪ’ಗಳೂ ಇದೇ ಕುಲದವು. ಕನ್ನಡದ ಕಚೇರಿ ಕಾಗದಪತ್ರಗಳಲ್ಲಿ ಇಂದಿಗೂ ಊರಿಗೆ ನೀರಿನ ಸೌಕರ್ಯವನ್ನು ‘ಕಲ್ಪಿಸ’ಲಾಗುತ್ತದೆ, ಆ ನೀರು ಕಾಲ್ಪನಿಕವೆಂದು ಯಾರೂ ತಿಳಿಯುವುದಿಲ್ಲ. (ಕೆಲವು ಬೇಸಗೆಗಳಲ್ಲಿ ಹಾಗೆ ತಿಳಿಯಲು ಅವಕಾಶವುಂಟೆಂಬುದು ಬೇರೆ ಮಾತು.) ಕ್ರಿಯಾಪದದಲ್ಲಿ ರಚನೆ, ವ್ಯವಸ್ಥೆಗಳ ಭಾವವು ಉಳಿದುಕೊಂಡಿದ್ದು, ವಿಶೇಷಣದಲ್ಲಿ ಮಾತ್ರ ‘ನಿಜವಲ್ಲದ್ದು’ ಎಂಬ ಭಾವವು ಮೇಲುಗೈ ಪಡೆದಿದೆ.

ಹರಿಹರದ ಐತಿಹ್ಯವನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ತುಂಗಭದ್ರೆಗೆ ಹರಿದ್ರಾ ನದಿ ಸೇರುವ ಈ ಎಡೆಯು ಹಿಂದೆ ಗುಹಾರಣ್ಯವಾಗಿತ್ತಂತೆ. ಹರಿಯಿಂದಲೂ ಹರನಿಂದಲೂ ಸಾವಿಲ್ಲದಂತೆ ಬ್ರಹ್ಮನಿಂದ ವರ ಪಡೆದ ಗುಹಾಸುರನನ್ನು ಇಬ್ಬರೂ ಒಂದೇ ದೇಹ ತಾಳಿ ಸಂಹರಿಸಿದರಂತೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ್ದು 1224ರ ಸುಮಾರಿಗೆ. ಆದರೆ ಹರಿಹರ ಮೂರ್ತಿಯು ಬಾದಾಮಿಯ ಮೂರನೆಯ ಗುಹೆಯಲ್ಲಿಯೇ ಇದೆ. ಆ ಗುಹೆಯ ಕಾಲವು ಶಾಸನದಿಂದ ನಿಶ್ಚಿತವಾದ ಕ್ರಿ.ಶ. 578. ಆದುದರಿಂದ ಅರ್ಧ ಹರಿ, ಅರ್ಧ ಹರನಾದ ರೂಪವು ಹರಿಹರದಲ್ಲಿ ಹುಟ್ಟಿದುದಲ್ಲ. ಹೊರಗಿನಿಂದ ಬಂದ ರೂಪಕ್ಕೆ ಈ ಊರು ತನ್ನ ಕಾಡನ್ನೂ ನದಿಯನ್ನೂ ಕೊಟ್ಟು ಕಥೆಯನ್ನು ಕಲ್ಪಿಸಿತೆಂಬುದು ನಮ್ಮ ಅಭಿಪ್ರಾಯ.

ಅಸುರನಿಗೆ ಆಸರೆಯಾದುದೇನೆಂಬುದನ್ನು ಗಮನಿಸತಕ್ಕದ್ದು. ದೇವರಿಬ್ಬರ ನಡುವಣ ಬಿರುಕೇ ಅವನ ಕೋಟೆ. ಶೈವರೂ ವೈಷ್ಣವರೂ ಒಂದೇ ಅರಸುಮನೆಯ ಆಶ್ರಯವನ್ನು ಅಪೇಕ್ಷಿಸುತ್ತಿದ್ದ ನಾಡಿನಲ್ಲಿ ಇಂತಹ ಕಥೆಗೆ ಕೇಳುಗರು ಇದ್ದೇ ಇರುತ್ತಾರೆ. ಅದನ್ನು ‘ಕಾಲ್ಪನಿಕ’ವೆಂದು ಬದಿಗಿಟ್ಟರೆ ಆ ಕೇಳುಗರನ್ನೂ ಬದಿಗಿಟ್ಟಂತಾಗುತ್ತದೆ.

ದಾವಣಗೆರೆಯ ವಿಷಯ ಬೇರೆ. ಚಾಲುಕ್ಯರ ಕುದುರೆಗಳನ್ನು ದಾವಣಿಯಲ್ಲಿ ಕಟ್ಟಿ ನೀರು ಕುಡಿಸಿದ ಕೆರೆಯಿಂದ ಊರಿಗೆ ಹೆಸರು ಬಂದಿತೆಂಬುದು ಜನರ ಮಾತು. ಹೈದರಾಲಿಯಿಂದ ಈ ಊರನ್ನು ಜಹಗೀರಾಗಿ ಪಡೆದ ಅಪೋಜಿರಾಮನು ವರ್ತಕರನ್ನು ಕರೆಸಿ ಪೇಟೆ ಬೆಳೆಯಿಸಿದುದು ದಾಖಲೆಯ ಮಾತು. ಮೊದಲನೆಯದು ಕಲ್ಪನೆಯಲ್ಲ, ಊಹೆ. ಊರಿನ ಹೆಸರಿನ ಬೇರೊಂದು ಹಳೆಯ ರೂಪವು ಶಾಸನದಲ್ಲಿ ದೊರೆತರೆ ಅದು ಬಿದ್ದುಹೋಗುತ್ತದೆ. ಗುಹಾಸುರನ ಕಥೆಯನ್ನು ಯಾವ ಶಾಸನವೂ ಹಾಗೆ ಬೀಳಿಸಲಾರದು.