ವಿಡಿಯೋ ಪರಿವರ್ತಿಸುವಾಗ ಕಂಪ್ಯೂಟರ್ ನಿಂತುಹೋದರೆ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಮನೆಗಳಲ್ಲಿ ಮದುವೆ, ಹಬ್ಬಗಳ ಹಳೆಯ ವಿಡಿಯೋಗಳು ಸಿ.ಡಿ., ಡಿ.ವಿ.ಡಿ.ಗಳಲ್ಲೇ ಉಳಿದಿರುವುದುಂಟು. ಅವನ್ನು ಎಂಪಿ4 ರೂಪಕ್ಕೆ ತರುವಾಗ ಕಂಪ್ಯೂಟರ್ ನಿಂತುಹೋದರೆ ಗಾಬರಿಯಿಂದ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ. ಇರುವ ಒಂದೇ ಪ್ರತಿ ಅಳಿಸಿಹೋದೀತು. ಮೊದಲು ಮೂಲ ಕಡತವನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ.

ಕೊಡೆಕ್ ಎಂದರೆ ವಿಡಿಯೋವನ್ನು ಕುಗ್ಗಿಸುವ, ಮತ್ತೆ ಬಿಡಿಸಿ ತೋರಿಸುವ ತಂತ್ರಾಂಶ. ಒಂದೇ ಕೆಲಸಕ್ಕೆ ಎರಡು ಮೂರು ಕೊಡೆಕ್ ಪ್ಯಾಕ್‌ಗಳನ್ನು ಹಾಕಿದರೆ ಅವು ಒಂದಕ್ಕೊಂದು ಅಡ್ಡಬರುತ್ತವೆ.

ತೊಂದರೆಯ ಮೂಲವನ್ನು ಹೀಗೆ ಗುರುತಿಸಬಹುದೆಂದು ನಾವು ಸೂಚಿಸುತ್ತೇವೆ:

1. ಕಂಪ್ಯೂಟರ್ ಪೂರ್ತಿ ಆಫ್ ಆದರೆ ಶಾಖ ಅಥವಾ ವಿದ್ಯುತ್ತಿನ ದೋಷವಿರಬಹುದು. ಪರಿವರ್ತನೆಯ ವೇಳೆ ಪ್ರೊಸೆಸರ್ ಬಹಳ ಹೊತ್ತು ಪೂರ್ಣ ಶಕ್ತಿಯಲ್ಲಿ ದುಡಿಯುತ್ತದೆ. ಫ್ಯಾನಿನ ಧೂಳು ತೆಗೆಯಿರಿ, ಯು.ಪಿ.ಎಸ್. ಪರೀಕ್ಷಿಸಿ.
2. ನೀಲಿ ಪರದೆ ಬಂದರೆ ಗ್ರಾಫಿಕ್ಸ್ ಡ್ರೈವರ್ ಮತ್ತು ರ‍್ಯಾಮ್ ನೋಡಿ.
3. ಪ್ರೋಗ್ರಾಂ ಮಾತ್ರ ಮುಚ್ಚಿಕೊಂಡರೆ, ಅಥವಾ ವಿಡಿಯೋ ಇರುವ ಫೋಲ್ಡರ್ ತೆರೆದೊಡನೆ ಸ್ತಬ್ಧವಾದರೆ ಕೊಡೆಕ್ ಮೇಲೆ ಸಂಶಯಪಡಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ದೋಷಕ್ಕೆ ಸಿಕ್ಕಿದ ಕಡತದ ಹೆಸರು ದಾಖಲಾಗಿರುತ್ತದೆ.
4. ಕಡತ 4 ಜಿ.ಬಿ. ತಲುಪಿದಾಗ ನಿಂತರೆ ಡಿಸ್ಕ್ ಫ್ಯಾಟ್32 ಮಾದರಿಯದೇ ಎಂದು ನೋಡಿ. ಅದರ ಮಿತಿಯೇ ಅಷ್ಟು.

ಕೊಡೆಕ್ ಪ್ಯಾಕ್‌ಗಳನ್ನು ತೆಗೆದುಹಾಕಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ನೋಡಲು ವಿ.ಎಲ್.ಸಿ., ಪರಿವರ್ತಿಸಲು ಹ್ಯಾಂಡ್‌ಬ್ರೇಕ್ ಸಾಕು. ಎರಡೂ ಉಚಿತ, ಬೇಕಾದ ಕೊಡೆಕ್‌ಗಳು ಅವುಗಳಲ್ಲೇ ಇವೆ. ವಿಂಡೋಸ್‌ನ ಕ್ವಿಕ್‌ಟೈಮ್‌ಗೆ 2016ರಲ್ಲೇ ಬೆಂಬಲ ನಿಂತಿದೆ; ಅದಿದ್ದರೆ ತೆಗೆಯಿರಿ.

ಮೊದಲು ಒಂದು ನಿಮಿಷದ ತುಣುಕನ್ನು ಪರಿವರ್ತಿಸಿ ನೋಡಿ. ಅದು ಸರಿಬಂದ ಮೇಲೆ ಪೂರ್ಣ ವಿಡಿಯೋ ಕೈಗೆತ್ತಿಕೊಳ್ಳಿ. ಹೊಸ ಕಡತವನ್ನು ಕೊನೆಯವರೆಗೂ ನೋಡುವ ತನಕ ಹಳೆಯ ಡಿಸ್ಕನ್ನು ಎಸೆಯಬೇಡಿ.